ಮಿದುಳಿನ ಪೆಟ್ಟು ಮತ್ತು ಕುಟುಂಬ: ಶುಶ್ರೂಷಾ ಸಂಶೋಧನೆಯ ನೋಟ

ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಗಾಯವಾದವರ ಮನೆಮಂದಿಯ ಬದುಕು ಹೇಗೆ ಬದಲಾಗುತ್ತದೆ ಎಂಬುದನ್ನು ಕೇಳಿ, ಅಳೆದು, ದಾಖಲಿಸುವ ಅಧ್ಯಯನಗಳು ಶುಶ್ರೂಷಾ ವಿಜ್ಞಾನದ ಒಂದು ಮುಖ್ಯ ಕವಲು. ಗಾಯಗೊಂಡವನು ಒಬ್ಬನೇ, ಆದರೆ ಅವನ ಹೆಂಡತಿಯ ನಿದ್ದೆ, ತಾಯಿಯ ರಕ್ತದೊತ್ತಡ, ಮಕ್ಕಳ ಶಾಲೆ, ತಮ್ಮನ ಕೂಲಿ, ಮನೆಯ ಸಾಲ, ನೆಂಟರ ಬರವು ಎಲ್ಲವೂ ಆ ಒಂದು ಪೆಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಶಸ್ತ್ರವೈದ್ಯರು ಹೆಪ್ಪುಗಟ್ಟಿದ ರಕ್ತ ತೆಗೆದು ಜೀವ ಉಳಿಸುತ್ತಾರೆ. ಮನೆಯವರನ್ನು ಹಗಲು ರಾತ್ರಿ ಕಣ್ಣೆದುರು ಕಾಣುವವರು ದಾದಿಯರು. ಈ ಸಂಕಟವನ್ನು ಮೊದಲು ಗಮನಿಸಿ, ಅದಕ್ಕೊಂದು ಪ್ರಶ್ನಾವಳಿ ರೂಪಿಸಿದವರಲ್ಲಿ ಅವರಿಗೆ ದೊಡ್ಡ ಪಾಲಿದೆ.

ಕರ್ನಾಟಕದ ಮಟ್ಟಿಗೆ ಈ ವಿಷಯದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಆದರೆ ಸಂಶೋಧನೆ ಹೇಳಿದ್ದು ಎಷ್ಟು ನಿಜ, ಅದರಿಂದ ಯಾರಿಗೆ ಏನು ಉಪಯೋಗ ಎಂಬುದು ತಿಳಿಯುವುದು ಆಸ್ಪತ್ರೆಯಲ್ಲಲ್ಲ. ಅದು ತಿಳಿಯುವುದು ಹೂಗ್ಯಂನಂಥ ಊರಿನ ಪಡಸಾಲೆಯಲ್ಲಿ. ಹೂಗ್ಯಂ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದ, ಮಲೆ ಮಹದೇಶ್ವರ ಬೆಟ್ಟದ ಕಾಡಿಗೂ ತಮಿಳುನಾಡಿನ ಗಡಿಗೂ ಹತ್ತಿರದ ಊರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮುಂದೆ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಾಗಿ, 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿ, ಇತ್ತೀಚೆಗೆ ಹನೂರು ಬೇರೆ ತಾಲ್ಲೂಕಾಯಿತು.

ಪೆಟ್ಟಿನ ಬಗೆ

ಮಿದುಳು ಬುರುಡೆಯೊಳಗಿನ ದ್ರವದಲ್ಲಿ ತೇಲಿಕೊಂಡಿರುವ ಮೆತ್ತನೆಯ ಅಂಗ. ಓಡುತ್ತಿದ್ದ ಬೈಕು ಗುದ್ದಿ ತಲೆ ಒಮ್ಮೆಲೇ ನಿಂತಾಗ ಮಿದುಳು ಮುಂದಕ್ಕೆ ನುಗ್ಗಿ ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ. ಹಣೆಯ ಹಿಂದಿನ ಭಾಗಕ್ಕೂ ಕಿವಿಯ ನೇರಕ್ಕಿರುವ ಪಕ್ಕದ ಭಾಗಗಳಿಗೂ ಹೆಚ್ಚು ಏಟು ತಗಲುತ್ತದೆ. ಅಲ್ಲಿ ಬುರುಡೆಯ ತಳ ಏರುಪೇರಾಗಿದ್ದು ಮೂಳೆಯ ಅಂಚುಗಳು ಚೂಪಾಗಿವೆ. ಸಿಟ್ಟನ್ನು ತಡೆದುಕೊಳ್ಳುವುದು, ನಾಳೆಯ ಕೆಲಸವನ್ನು ಇಂದೇ ಯೋಚಿಸುವುದು, ಎದುರಿದ್ದವರ ಮನಸ್ಸನ್ನು ಊಹಿಸುವುದು, ಹೊಸ ಸಂಗತಿಯನ್ನು ನೆನಪಿಟ್ಟುಕೊಳ್ಳುವುದು ಇವೆಲ್ಲ ಈ ಭಾಗಗಳ ಕೆಲಸ. ಕೈಕಾಲು ನೆಟ್ಟಗಾಗಿ, ತಲೆಯ ಹೊಲಿಗೆ ಮಾಯ್ದು, ನೋಡಿದವರೆಲ್ಲ ವಾಸಿಯಾದ ಎಂದುಕೊಂಡ ಮೇಲೂ ಮನೆಯವರು ಇವನು ಮುಂಚಿನಂಗಿಲ್ಲ ಎನ್ನುವುದಕ್ಕೆ ಕಾರಣ ಇದೇ.

ಗಾಯ ಎಷ್ಟು ತೀವ್ರ ಎಂಬುದನ್ನು ಲೋಕದ ಬಹುಪಾಲು ಆಸ್ಪತ್ರೆಗಳಲ್ಲಿ ಅಳೆಯುವುದು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನ್ನೆಟ್ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪಕದಿಂದ. ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ಈ ಮೂರಕ್ಕೂ ಅಂಕ ಕೊಟ್ಟು ಕೂಡಿದರೆ 3ರಿಂದ 15ರವರೆಗೆ ಮೊತ್ತ ಬರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಗಾಯ. ಈ ಅಂಕವನ್ನು ಹೊತ್ತುಹೊತ್ತಿಗೆ ಬರೆದಿಡುವವಳು ದಾದಿ. ವಾರ್ಡಿನ ಬಾಗಿಲಲ್ಲಿ ನಿಂತ ತಾಯಿಗೆ ಆ ಅಂಕ ಬೇಡ. ಅವಳು ಕೇಳುವುದು ಒಂದೇ ಮಾತು: "ಸಿಸ್ಟರಮ್ಮ, ನಮ್ಮ ಹೈದನಿಗೆ ಗ್ಯಾನ ಬಂದದಾ?"

ಭಾರತದಲ್ಲಿ ಮಿದುಳಿನ ಗಾಯದ ಲೆಕ್ಕವನ್ನು ಶಾಸ್ತ್ರೀಯವಾಗಿ ಇಟ್ಟವರಲ್ಲಿ ನಿಮ್ಹಾನ್ಸ್‌ನ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗದ ಡಾ. ಜಿ. ಗುರುರಾಜ್ ಪ್ರಮುಖರು. 2002ರಲ್ಲಿ ಅವರು ಪ್ರಕಟಿಸಿದ ಸಮೀಕ್ಷಾ ಲೇಖನದ ಪ್ರಕಾರ ಇಂಥ ಗಾಯಗಳಲ್ಲಿ ಸುಮಾರು ಶೇ 60 ರಸ್ತೆ ಅಪಘಾತದಿಂದ, ಶೇ 20ರಿಂದ 25 ಬೀಳುವುದರಿಂದ, ಶೇ 10ರಷ್ಟು ಹೊಡೆದಾಟದಿಂದ ಆಗುವಂಥವು. ಶೇ 15ರಿಂದ 20ರಷ್ಟು ಪ್ರಕರಣಗಳಲ್ಲಿ ಪೆಟ್ಟು ಬಿದ್ದ ಹೊತ್ತಿನಲ್ಲಿ ಮದ್ಯದ ಪಾತ್ರವಿರುತ್ತದೆ. ಗಾಯಗೊಳ್ಳುವವರಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚು. ಎಂದರೆ ಬಹುಪಾಲು ಸಂದರ್ಭಗಳಲ್ಲಿ ಮನೆಗೆ ಅನ್ನ ತರುವ ಕೈಯೇ ಮೂಲೆ ಸೇರುತ್ತದೆ.

ಹನೂರು ಸೀಮೆಯಲ್ಲಿ ಈ ಕಾರಣಗಳಿಗೆ ಸ್ಥಳೀಯ ರೂಪಗಳಿವೆ. ತಾಳಬೆಟ್ಟದಿಂದ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಬೆಟ್ಟಕ್ಕೆ ಏರುವ ತಿರುವು ರಸ್ತೆಯಲ್ಲಿ ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗೆ ವಾಹನಗಳು ಸಾಲುಗಟ್ಟುತ್ತವೆ. ಒಂದೇ ಬೈಕಿನಲ್ಲಿ ಮೂರು ಜನ, ತಲೆಗೆ ಹೆಲ್ಮೆಟ್ ಇಲ್ಲದೆ ಹೋಗುವುದು ದಿನಾ ಕಾಣುವ ನೋಟ. ಬೈಕಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಎಂಬ ನಿಯಮವನ್ನು ಕರ್ನಾಟಕ 2016ರ ಜನವರಿಯಲ್ಲಿ ಜಾರಿಗೆ ತಂದರೂ ಕಾಡಂಚಿನ ಹಾದಿಗಳಿಗೆ ಅದು ತಲುಪಿದ್ದು ಕಡಿಮೆ. ತೆಂಗಿನ ಮರದಿಂದ ಬೀಳುವುದು, ಜೇನು ಕೀಳಲು ಮರವೋ ಬಂಡೆಯೋ ಹತ್ತಿದವರು ಜಾರುವುದು, ಟ್ರ್ಯಾಕ್ಟರ್ ಮಗುಚುವುದು, ಜೋಳದ ಹೊಲ ಕಾಯುವಾಗ ಆನೆ ಎದುರಾಗುವುದು ಇವೂ ಸೇರುತ್ತವೆ. ಕೂಲಿಗೆಂದು ಹೊರ ಜಿಲ್ಲೆಗೋ ನೆರೆ ರಾಜ್ಯಕ್ಕೋ ಹೋದವರಿಗೆ ಪೆಟ್ಟು ಬಿದ್ದರೆ ಸುದ್ದಿ ಊರಿಗೆ ಮುಟ್ಟುವ ಹೊತ್ತಿಗೆ ಆಪರೇಷನ್ ಮುಗಿದಿರುತ್ತದೆ.

ಸಂಶೋಧನೆ ಬೆಳೆದ ದಾರಿ

ಮನೆಯವರ ಮಾತನ್ನೇ ಸಾಕ್ಷ್ಯವಾಗಿ ಹಿಡಿದ ಮೊದಮೊದಲ ದೊಡ್ಡ ಕೆಲಸಗಳಲ್ಲೊಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆಯಿತು. ನೀಲ್ ಬ್ರೂಕ್ಸ್ ಮತ್ತು ಸಂಗಡಿಗರು ತೀವ್ರ ಗಾಯವಾದವರ ನೆಂಟರನ್ನು ಮೂರು, ಆರು, ಹನ್ನೆರಡು ತಿಂಗಳಿಗೆ ಮಾತಾಡಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಗೇ ಬಿಡದೆ, ಐದು ವರ್ಷದ ನಂತರ 42 ಗಾಯಾಳುಗಳ ಮನೆಯವರನ್ನು ಮತ್ತೆ ಕಂಡರು. 1986ರಲ್ಲಿ ಹೊರಬಂದ ಆ ವರದಿಯನ್ನು ಈ ಕ್ಷೇತ್ರದ ಅಡಿಗಲ್ಲು ಎನ್ನಬೇಕು. ಸ್ವಭಾವವೇ ಬದಲಾಗಿದೆ ಎಂದವರು ಮೊದಲ ವರ್ಷದ ಕೊನೆಗೆ ಶೇ 60. ಐದನೇ ವರ್ಷಕ್ಕೆ ಅದು ಶೇ 74. ಮನೆಯವರ ಮೇಲಿನ ಒತ್ತಡ ಐದನೇ ವರ್ಷದಲ್ಲಿ ಮೊದಲ ವರ್ಷಕ್ಕಿಂತ ಹೆಚ್ಚಾಗಿತ್ತು. ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಎಂದು ಡಿಸ್ಚಾರ್ಜ್ ದಿನ ಸಮಾಧಾನ ಹೇಳುವ ವೈದ್ಯರು, ದಾದಿಯರು, ನೆಂಟರಿಷ್ಟರು ಈ ಅಂಕಿಗಳನ್ನು ಒಮ್ಮೆ ನೋಡಬೇಕು. ಗಾಯಾಳುವಿನ ದೇಹ ಸುಧಾರಿಸುತ್ತದೆ, ಮನೆಯವರ ಕಸುವು ಕರಗುತ್ತದೆ. ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ.

ಅಮೆರಿಕದ ನರಮನೋವಿಜ್ಞಾನಿ ಮ್ಯೂರಿಯಲ್ ಲೆಜಾಕ್ 1978ರಲ್ಲಿ ಬರೆದ ಲೇಖನ ಹೆಂಡತಿಯರ ಸ್ಥಿತಿಯತ್ತ ಗಮನ ಸೆಳೆಯಿತು. ಗಂಡ ಬದುಕಿದ್ದಾನೆ, ಆದರೆ ಮದುವೆಯಾದ ಮನುಷ್ಯ ಅವನಲ್ಲ. ಅಳಲು ಸಮಾಜ ಬಿಡುವುದಿಲ್ಲ, ಬೇರೆ ಬದುಕು ಕಟ್ಟಿಕೊಳ್ಳಲೂ ದಾರಿಯಿಲ್ಲ. ಕುಟುಂಬ ಶಾಸ್ತ್ರಜ್ಞೆ ಪೌಲಿನ್ ಬಾಸ್ 1970ರ ದಶಕದಲ್ಲಿ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ಅಧ್ಯಯನ ಮಾಡುತ್ತ ಇಂಥ ಕೊನೆಗಾಣದ ಅಗಲಿಕೆಯನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ಸಾವಾದರೆ ಹನ್ನೊಂದೋ ಹದಿಮೂರೋ ದಿನಕ್ಕೆ ತಿಥಿ ಮಾಡಿ ಊರು ಒಂದು ಗಡಿ ಹಾಕಿಕೊಡುತ್ತದೆ. ಈ ದುಃಖಕ್ಕೆ ಅಂಥ ಗಡಿಯಿಲ್ಲ.

ಶುಶ್ರೂಷೆಯ ಕಡೆಯಿಂದ ಬಂದ ಹೊಳಹು ಬೇರೆ ಬಗೆಯದು. 1979ರಲ್ಲಿ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ ತೀವ್ರ ನಿಗಾ ಘಟಕದ ರೋಗಿಗಳ 40 ಮಂದಿ ನೆಂಟರಿಗೆ 45 ಬೇಕುಗಳ ಪಟ್ಟಿ ಕೊಟ್ಟು ಯಾವುದು ಎಷ್ಟು ಮುಖ್ಯ ಎಂದು ಕೇಳಿದರು. ಮೊದಲ ಸ್ಥಾನ ಪಡೆದದ್ದು ಆಸೆ ಇದೆ ಎಂಬ ಭಾವನೆ. ಜೇನ್ ಲೆಸ್ಕ್ 1986ರಲ್ಲಿ ಆ ಪಟ್ಟಿಯನ್ನು ತಿದ್ದಿ ಎಲ್ಲೆಡೆ ಬಳಸಬಹುದಾದ ಅಳತೆಗೋಲಾಗಿ ಮಾಡಿದರು. ಭರವಸೆ, ಮಾಹಿತಿ, ಹತ್ತಿರವಿರುವುದು, ಅನುಕೂಲ, ಆಸರೆ ಎಂಬ ಐದು ಗುಂಪುಗಳು ಅದರಿಂದ ಹೊಮ್ಮಿದವು. ಮ್ಯಾಥಿಸ್ ಎಂಬ ಸಂಶೋಧಕರು 1984ರಲ್ಲಿ ಮಿದುಳಿನ ಗಾಯವಾದವರ ಮನೆಯವರನ್ನೂ ಬೇರೆ ತೀವ್ರ ರೋಗಿಗಳ ಮನೆಯವರನ್ನೂ ಹೋಲಿಸಿ ನೋಡಿದರು. 2005ರಲ್ಲಿ ಬೆಲ್ಜಿಯಂನ ಸೋಫಿ ವೆರ್ಹೆಗೆ ಮತ್ತು ಸಹೋದ್ಯೋಗಿಗಳು ಅಲ್ಲಿಯವರೆಗಿನ ಸಾಹಿತ್ಯವನ್ನೆಲ್ಲ ಜಾಲಿಸಿ ಶುಶ್ರೂಷಾ ಪತ್ರಿಕೆಯೊಂದರಲ್ಲಿ ಸಮೀಕ್ಷೆ ಬರೆದರು. ಹತ್ತು ಹದಿನೈದು ವರ್ಷಗಳ ನಂತರವೂ ಮನೆಯವರಿಗೆ ವೃತ್ತಿಪರರ ನೆರವು ಬೇಕಾಗುವಷ್ಟು ಒತ್ತಡ ಉಳಿದಿರುತ್ತದೆ. ತಾಯ್ತಂದೆಯರಿಗಿಂತ ಬಾಳಸಂಗಾತಿಗೆ ಒತ್ತಡ ಹೆಚ್ಚು. ಗಾಯ ಎಷ್ಟು ತೀವ್ರ ಎಂಬುದಕ್ಕಿಂತ ಯಾವ ಬಗೆಯದು ಎಂಬುದೇ ಒತ್ತಡವನ್ನು ತೀರ್ಮಾನಿಸುತ್ತದೆ. ಆಸರೆ ಕಡಿಮೆಯಿರುವ, ಹಣದ ತಾಪತ್ರಯವಿರುವ ಎಳೆಯ ಸಂಸಾರಗಳು ಎಲ್ಲರಿಗಿಂತ ಬೇಗ ಕುಸಿಯುತ್ತವೆ. ಇವು ಅವರು ಕಂಡುಕೊಂಡ ಮುಖ್ಯ ಅಂಶಗಳು. ಕೊನೆಯ ಮಾತಂತೂ ಹೂಗ್ಯಂ ಸುತ್ತಿನ ಎಷ್ಟೋ ಮನೆಗಳಿಗೆ ಹೊಂದುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿದ ಅಳತೆಗೋಲು

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1956ರಲ್ಲಿ ಅಲ್ಲಿ ದಾದಿಯರಿಗೆ ಮನೋರೋಗ ಶುಶ್ರೂಷೆಯ ಒಂದು ವರ್ಷದ ತರಬೇತಿ ಶುರುವಾಯಿತು. 1974ರಲ್ಲಿ ಆ ಸಂಸ್ಥೆ ಮತ್ತು ಸರ್ಕಾರಿ ಮಾನಸಿಕ ಆಸ್ಪತ್ರೆ ಕೂಡಿ ನಿಮ್ಹಾನ್ಸ್ ಆದಾಗ, ನರಶಸ್ತ್ರಜ್ಞ ಡಾ. ಆರ್. ಎಂ. ವರ್ಮ ಅದರ ಮೊದಲ ನಿರ್ದೇಶಕರಾದರು. ಮನಸ್ಸಿನ ಚಿಕಿತ್ಸೆಯೂ ಮಿದುಳಿನ ಶಸ್ತ್ರಚಿಕಿತ್ಸೆಯೂ ಒಂದೇ ಆವರಣದಲ್ಲಿ ನಡೆಯುವುದು ಈ ವಿಷಯಕ್ಕೆ ದೊಡ್ಡ ಅನುಕೂಲ. ತಲೆಗೆ ಪೆಟ್ಟು ಬಿದ್ದವನ ಮನೆಯವರ ಕಷ್ಟ ಈ ಎರಡರ ನಡುವಿನ ಓಣಿಯಲ್ಲೇ ಇರುವಂಥದ್ದು.

ಇಲ್ಲಿಂದ ಹೊರಬಂದ ಒಂದು ಕೆಲಸವನ್ನು ತುಸು ನಿಂತು ನೋಡಬೇಕು. ಶೈಲಾ ಪೈ ಮತ್ತು ಆರ್. ಎಲ್. ಕಪೂರ್ 1981ರಲ್ಲಿ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಕುಟುಂಬದ ಹೊರೆಯನ್ನು ಅಳೆಯುವ ಸಂದರ್ಶನ ಪಟ್ಟಿಯೊಂದನ್ನು ಪ್ರಕಟಿಸಿದರು. ಅದನ್ನು ರೂಪಿಸಿದ್ದು ಮನೋರೋಗಿಗಳ ಮನೆಯವರಿಗಾಗಿ. ಮುಂದೆ ನಾನಾ ಬಗೆಯ ದೀರ್ಘ ಕಾಯಿಲೆಗಳ ಅಧ್ಯಯನದಲ್ಲಿ ಭಾರತದ ದಾದಿಯರು ಅದನ್ನು ಬಳಸಿಕೊಂಡರು. ಆರು ಭಾಗ, 24 ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಹಣದ ಭಾಗ ಮೊದಲು ಬರುತ್ತದೆ: ರೋಗಿಯ ದುಡಿಮೆ ನಿಂತಿತೆ, ಅವನನ್ನು ನೋಡಿಕೊಳ್ಳಲು ಇನ್ನೊಬ್ಬರ ದುಡಿಮೆಯೂ ಹೋಯಿತೆ, ಚಿಕಿತ್ಸೆಗೆ ಎಷ್ಟು ಖರ್ಚು, ಸಾಲ ಮಾಡಿದಿರಾ, ಕೂಡಿಟ್ಟದ್ದು ಕರಗಿತೆ, ಮಾಡಬೇಕೆಂದಿದ್ದ ಬೇರೆ ಕೆಲಸ ನಿಂತುಹೋಯಿತೆ. ಬಳಿಕ ಮನೆಯ ದಿನಚರಿ, ಬಿಡುವು, ಮನೆಮಂದಿಯ ನಡುವಿನ ಮಾತುಕತೆ, ಉಳಿದವರ ದೇಹದ ಆರೋಗ್ಯ, ಅವರ ಮನಸ್ಸಿನ ಆರೋಗ್ಯ. ನೆಂಟರು, ನೆರೆಯವರು ಬರುವುದು ಕಡಿಮೆಯಾಯಿತೆ ಎಂಬ ಪ್ರಶ್ನೆಯೂ ಅದರಲ್ಲಿದೆ. ಹನೂರು ಕಡೆಯ ಮನೆಯೊಂದರಲ್ಲಿ ಕುಳಿತು ಈ ಪ್ರಶ್ನೆಗಳನ್ನು ಕೇಳಿದರೆ ಉತ್ತರವಾಗಿ ಬರುವುದು ಮಾರಿದ ಹಸು, ಒತ್ತೆಗೆ ಹೋದ ಓಲೆ, ಸ್ವಸಹಾಯ ಸಂಘದ ಕಂತು, ಮುಂದಕ್ಕೆ ಹೋದ ಮಗಳ ಮದುವೆ. ಅಮೆರಿಕದಲ್ಲಿ 1980ರಲ್ಲಿ ಬಂದ ಜಾರಿಟ್ ಮಾಪಕ ಇದಕ್ಕಿಂತ ಹೆಚ್ಚು ಹೆಸರಾಗಿದ್ದು ಇಂದಿಗೂ ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿದೆ. ಅದು ನೋಡಿಕೊಳ್ಳುವ ಒಬ್ಬ ವ್ಯಕ್ತಿಯ ಮನಸ್ಸನ್ನು ಕೇಳುತ್ತದೆ; ಪೈ–ಕಪೂರ್ ಪಟ್ಟಿ ಇಡೀ ಮನೆಯನ್ನು ಕೇಳುತ್ತದೆ. ಕೂಡಿ ಬಾಳುವ ನಮ್ಮ ಮನೆಗಳಿಗೆ ಎರಡನೆಯದೇ ಹೆಚ್ಚು ಒಗ್ಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಅದೇ ಇಬ್ಬರು 1983ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಅಷ್ಟೇ ಬೆಲೆಯುಳ್ಳದ್ದು. ಸ್ಕಿಜೋಫ್ರೇನಿಯಾ ಇರುವ ಒಂದು ಗುಂಪನ್ನು ಆಸ್ಪತ್ರೆಯಲ್ಲಿ ಚಿಕಿತ್ಸೆಗೊಳಪಡಿಸಿ, ಇನ್ನೊಂದು ಗುಂಪಿನ ಮನೆಗಳಿಗೆ ದಾದಿಯನ್ನು ಕಳಿಸಿ ಹೋಲಿಸಿದರು. ಮನೆಗೇ ದಾದಿ ಹೋದ ಗುಂಪಿನಲ್ಲಿ ರೋಗಿಯೂ ಚೆನ್ನಾಗಿ ಸುಧಾರಿಸಿದ, ಕುಟುಂಬದ ಹೊರೆಯೂ ಹೆಚ್ಚು ತಗ್ಗಿತು. ಕಾಯಿಲೆ ಬೇರೆಯಾದರೂ ಪಾಠ ಇಲ್ಲಿಗೂ ಸಲ್ಲುತ್ತದೆ. ನಾಲ್ಕು ದಶಕಗಳ ಹಿಂದೆಯೇ ನಮ್ಮ ರಾಜಧಾನಿಯಲ್ಲಿ ತೋರಿಸಿಕೊಟ್ಟ ಈ ದಾರಿಯನ್ನು ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ ರಾಜ್ಯದುದ್ದಕ್ಕೂ ಹಿಡಿಯದಿರುವುದು ದೊಡ್ಡ ನಷ್ಟ.

ವಾರ್ಡಿನ ಒಳಗೆ

ಪಶ್ಚಿಮದ ಅಧ್ಯಯನಗಳಲ್ಲಿ ಮನೆಯವರು ಆಸ್ಪತ್ರೆಗೆ ಬಂದು ನೋಡಿ ಹೋಗುವವರು. ನಮ್ಮಲ್ಲಿ ಅವರು ಆಸ್ಪತ್ರೆಯಲ್ಲೇ ಇರುವವರು. ಮಂಚದ ಕೆಳಗೆ ಚಾಪೆ, ಕಾರಿಡಾರಿನಲ್ಲಿ ಬಟ್ಟೆಯ ಗಂಟು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಅವರನ್ನು ಆರೈಕೆಯಲ್ಲಿ ಸೇರಿಸಿಕೊಂಡದ್ದು ಭಾರತದ ಕುಟುಂಬ ಕೇಂದ್ರಿತ ಚಿಕಿತ್ಸೆಯ ಆರಂಭ ಎನ್ನಲಾಗುತ್ತದೆ; ಅದರ ಜಾಡನ್ನು ನಿಮ್ಹಾನ್ಸ್ ಕೂಡ ಬೆಳೆಸಿತು. ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರ ಮನೆಯವರ ಇರುವಿಕೆ ಸಿದ್ಧಾಂತದಿಂದ ಬಂದದ್ದಲ್ಲ, ಕೈ ಸಾಲದ್ದರಿಂದ ಬಂದದ್ದು. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಸ್ಕ್ಯಾನಿಂಗಿಗೆ ಸ್ಟ್ರೆಚರ್ ತಳ್ಳುವುದು ಎಲ್ಲ ಅವರ ಪಾಲಿಗೆ.

ಡಿಸ್ಚಾರ್ಜಿಗೆ ಮುನ್ನ ದಾದಿ ಹೇಳಿಕೊಡುವ ಒಂದು ಪಾಠವನ್ನು ಹತ್ತಿರದಿಂದ ನೋಡಿದರೆ ಸಂಶೋಧನೆಗೆ ಇಲ್ಲಿ ಎಷ್ಟು ಕೆಲಸವಿದೆ ಎಂಬುದು ತಿಳಿಯುತ್ತದೆ. ನುಂಗಲಾಗದವನಿಗೆ ಮೂಗಿನ ಪೈಪಿನಲ್ಲಿ ಆಹಾರ ಕೊಡಬೇಕು. ಮೊದಲು ಕೈ ತೊಳೆಯಬೇಕು. ತಲೆಯ ಕಡೆ ಹಾಸಿಗೆಯನ್ನು ಅರೆಕೂತ ಭಂಗಿಗೆ ಎತ್ತಬೇಕು. ಪೈಪಿಗೆ ಹಾಕಿದ ಗುರುತು ಸರಿದಿಲ್ಲವೆಂದು ನೋಡಬೇಕು. ರಾಗಿ ಗಂಜಿಯನ್ನು ನೀರಾಗಿ ಕಾಯಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಬೆಚ್ಚಗಾದ ಮೇಲೆ ಸಿರಿಂಜಿನಲ್ಲಿ ನಿಧಾನ ಬಿಡಬೇಕು, ಒತ್ತಿ ತಳ್ಳಬಾರದು. ಕೊನೆಗೆ ಸ್ವಲ್ಪ ನೀರು ಬಿಟ್ಟು ಪೈಪು ತೊಳೆದು, ಅರ್ಧ ಗಂಟೆ ತಲೆ ಹಾಗೇ ಎತ್ತರದಲ್ಲಿರಬೇಕು. ಕೆಮ್ಮಿದರೆ, ಮುಖ ನೀಲಿಗಟ್ಟಿದರೆ ತಕ್ಷಣ ನಿಲ್ಲಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ವಾರ್ಡಿನಲ್ಲಿ ಎತ್ತುವ ಮಂಚದ ಮೇಲೆ ಇದನ್ನು ಕಲಿತ ತಾಯಿ ಊರಿಗೆ ಹೋಗಿ ನೆಲದ ಮೇಲಿನ ಹಾಸಿಗೆಯಲ್ಲಿ ಮಾಡಬೇಕು. ದಿಂಬು ಸಾಲದೆ ರಾಗಿ ಮೂಟೆಗೆ ಕಂಬಳಿ ಸುತ್ತಿ ಒರಗಿಸಬೇಕು. ಪೈಪು ಕಿತ್ತುಬಂದರೆ ಹೂಗ್ಯಂನಿಂದ ರಾಮಾಪುರಕ್ಕೋ ಹನೂರಿಗೋ ಹೋಗಬೇಕು, ಅಲ್ಲಿ ಆ ಕೆಲಸ ಬಲ್ಲವರು ಆ ಹೊತ್ತಿಗೆ ಇರಬೇಕು. ಕಲಿಸಿದ್ದು ಮರೆಯುವುದಕ್ಕಿಂತ ಕಲಿತದ್ದನ್ನು ಮಾಡಲು ಮನೆಯಲ್ಲಿ ಅನುಕೂಲವಿಲ್ಲದಿರುವುದೇ ದೊಡ್ಡ ತೊಡಕು.

ಇಂಥ ಆರೈಕೆಯ ಕೆಲಸಕ್ಕಿಂತ ಗಾಯಾಳುವಿನ ನಡವಳಿಕೆಯನ್ನು ನಿಭಾಯಿಸುವುದು ಕಷ್ಟ. ಗ್ಯಾನ ಬಂದ ಮೊದಲ ವಾರಗಳಲ್ಲಿ ಗಾಯಾಳು ಪೈಪು ಕೀಳುತ್ತಾನೆ, ಬೈಯುತ್ತಾನೆ, ಹೊಡೆಯಲು ಬರುತ್ತಾನೆ. ಅಮೆರಿಕದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆ 1972ರಲ್ಲಿ ರೂಪಿಸಿದ ಚೇತರಿಕೆಯ ಹಂತಗಳಲ್ಲಿ ಇದು ನಾಲ್ಕನೆಯದು. ಮಿದುಳು ಎಚ್ಚರಗೊಳ್ಳುವ ಹಾದಿಯಲ್ಲಿ ಬಂದುಹೋಗುವಂಥದ್ದು. ಇದನ್ನು ಯಾರೂ ಹೇಳದಿದ್ದರೆ ಮನೆಯವರು ಗಾಳಿ ಸೋಕಿದೆ ಎಂದೋ ಹುಚ್ಚು ಹಿಡಿಯಿತು ಎಂದೋ ಹೆದರುತ್ತಾರೆ, ಹಗ್ಗದಲ್ಲಿ ಕಟ್ಟುತ್ತಾರೆ. ಮಾದಪ್ಪನಿಗೆ ಹರಕೆ ಹೊರುವುದನ್ನು, ತಾಯತ ಕಟ್ಟಿಸುವುದನ್ನು ದಾದಿ ಹಳಿಯಬೇಕಿಲ್ಲ. ಮೋಲ್ಟರ್ ಪಟ್ಟಿಯ ಮೊದಲ ಸಾಲಿನಲ್ಲಿದ್ದ ಆಸೆ ಈ ಸೀಮೆಯಲ್ಲಿ ಬೆಟ್ಟದ ಕಡೆಗೇ ಮುಖ ಮಾಡುತ್ತದೆ. ಹರಕೆಯ ಜೊತೆಗೆ ಮಾತ್ರೆ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ತುರುಕಬೇಡಿ, ಮಗ್ಗುಲಿಗೆ ಮಲಗಿಸಿ ಎಂದು ತಿಳಿಸಿದರೆ ಮನೆಯವರು ಎರಡನ್ನೂ ಮಾಡುತ್ತಾರೆ.

ಯಳಂದೂರಿನ ಪಾಠ

ಈ ಸೀಮೆಯಲ್ಲಿ ಮಿದುಳಿನ ಕಾಯಿಲೆಯ ದೊಡ್ಡ ಸಂಶೋಧನೆ ನಡೆದೇ ಇಲ್ಲ ಎಂದುಕೊಳ್ಳಬಾರದು. ಪಕ್ಕದ ಯಳಂದೂರು ತಾಲ್ಲೂಕಿನಲ್ಲಿ 1990ರ ದಶಕದ ಆರಂಭದಲ್ಲಿ ನರವೈದ್ಯ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಮನೆಮನೆಗೆ ಹೋಗಿ ಸುಮಾರು 65,000 ಜನರಲ್ಲಿ ಮೂರ್ಛೆರೋಗದ ಗಣತಿ ಮಾಡಿಸಿದರು. ಬಳಿಕ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದ ಹಳ್ಳಿಯಲ್ಲೇ ಫಿಟ್ಸ್ ಹತೋಟಿಗೆ ತರಬಹುದೇ ಎಂದು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿ, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧ್ಯ ಎಂಬುದೇ ಅದರ ಉತ್ತರ. ಯಳಂದೂರು ಅಧ್ಯಯನ ಎಂದು ವೈದ್ಯಲೋಕದಲ್ಲಿ ಅದಕ್ಕೆ ಹೆಸರು ನಿಂತಿದೆ. ತಲೆಪೆಟ್ಟಿನ ನಂತರ ಬರುವ ತೊಂದರೆಗಳಲ್ಲಿ ಫಿಟ್ಸ್ ಕೂಡ ಒಂದಾದ್ದರಿಂದ ಈ ಕೆಲಸ ನಮ್ಮ ವಿಷಯಕ್ಕೆ ದೂರದ್ದಲ್ಲ.

ಅದೇ ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಿಂದ ನಡೆಸಿದ ಕರುಣಾ ಟ್ರಸ್ಟ್ ಇವೆ. ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ತರಬೇತಿ ಕೊಡಿಸಿ ತಮ್ಮ ಸೀಮೆಯಲ್ಲೇ ಕೆಲಸಕ್ಕೆ ನಿಲ್ಲಿಸುವ ಪ್ರಯತ್ನ ಇಲ್ಲಿಂದ ಹೊರಟಿತು. ಹನೂರು ಹಾದಿಯ ಕಾಮಗೆರೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಹೋಲಿಕ್ರಾಸ್ ಆಸ್ಪತ್ರೆ ಇದೆ. ಹಳ್ಳಿಯ ಮನೆ ಬಾಗಿಲು ತಟ್ಟಿ ಒಳಹೋಗಬಲ್ಲ ದಾದಿಯರು ಈ ಸೀಮೆಗೆ ಹೊಸಬರಲ್ಲ.

ತುರ್ತು ಚಿಕಿತ್ಸೆಯ ದಾರಿ ಮೊದಲಿಗಿಂತ ಸುಧಾರಿಸಿದೆ. 108 ಆಂಬುಲೆನ್ಸ್ ಸೇವೆ 2008ರ ನವೆಂಬರಿನಲ್ಲಿ ರಾಜ್ಯಕ್ಕೆ ಬಂತು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೂ ಮಿದುಳಿನ ದೊಡ್ಡ ಆಪರೇಷನ್ನಿಗೆ ಹೂಗ್ಯಂನವರು ನೂರು ಕಿ.ಮೀ. ದಾಟಿದ ಮೈಸೂರಿಗೋ, ನೂರೈವತ್ತು ದಾಟಿದ ಬೆಂಗಳೂರಿಗೋ ಹೊರಡುವುದು ತಪ್ಪಿಲ್ಲ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನ, ತಲೆನೋವುಗಳ ಮೇಲೆ ಮುಖ್ಯವಾಗಿ ಗಮನವಿಟ್ಟಿತು. ತಲೆಪೆಟ್ಟಿನವರ ಮನೆಯವರನ್ನೂ ಅದರ ತೆಕ್ಕೆಗೆ ತಂದರೆ ಹೊಸ ಕಟ್ಟಡ ಬೇಕಾಗುವುದಿಲ್ಲ.

ಎಡವಿದ ಕಡೆ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾದ ಮೇಲೆ ರಾಜ್ಯದಲ್ಲಿ ಶುಶ್ರೂಷಾ ಕಾಲೇಜುಗಳು ಬಹಳ ಬೆಳೆದವು, ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು ವರ್ಷವರ್ಷವೂ ಪ್ರಬಂಧ ಬರೆಯುತ್ತಾರೆ. ರೋಗಿಯನ್ನು ನೋಡಿಕೊಳ್ಳುವವರ ಬಗೆಗಿನ ಪ್ರಬಂಧಗಳಿಗೆ ಒಂದು ಸಿದ್ಧ ಅಚ್ಚು ಬಿದ್ದುಬಿಟ್ಟಿದೆ: ಒಂದು ಆಸ್ಪತ್ರೆಯಲ್ಲಿ ಕೆಲವು ಹತ್ತು ಮಂದಿಯನ್ನು ಆರಿಸಿ, ಅವರ ತಿಳಿವಳಿಕೆ ಪರೀಕ್ಷಿಸಿ, ಪಾಠ ಹೇಳಿ, ವಾರದ ಬಳಿಕ ಮತ್ತೆ ಪರೀಕ್ಷಿಸುವುದು. ಪಾಠ ಹೇಳಿದ ಮೇಲೆ ಅಂಕ ಏರುತ್ತದೆ, ಏರದಿದ್ದರೇ ಆಶ್ಚರ್ಯ. ಆ ತಾಯಿ ಆರನೇ ತಿಂಗಳಲ್ಲಿ ಹೇಗಿದ್ದಾಳೆ, ಮೂರನೇ ವರ್ಷದಲ್ಲಿ ಆ ಸಂಸಾರ ಒಟ್ಟಿಗಿದೆಯೇ ಎಂಬ ಪ್ರಶ್ನೆಗೆ ಈ ಅಚ್ಚಿನಲ್ಲಿ ಜಾಗವಿಲ್ಲ. ಬ್ರೂಕ್ಸ್ ಐದು ವರ್ಷ ಕಾದು ಕಂಡ ಸತ್ಯವನ್ನು ಒಂದು ವಾರದಲ್ಲಿ ಕಾಣಲಾಗದು. ವಿದ್ಯಾರ್ಥಿಗಳ ತಪ್ಪು ಇದರಲ್ಲಿಲ್ಲ. ಎರಡು ವರ್ಷದ ಕೋರ್ಸಿನಲ್ಲಿ ಕೈಗೆಟುಕುವುದಷ್ಟನ್ನೇ ಅವರು ಮಾಡುತ್ತಾರೆ. ಕಾಲೇಜುಗಳು ಒಂದೇ ಗುಂಪಿನ ಮನೆಗಳನ್ನು ತಂಡದಿಂದ ತಂಡಕ್ಕೆ ದಾಟಿಸುತ್ತ ಹೋದರೆ ಹತ್ತು ವರ್ಷದ ಅಧ್ಯಯನವೂ ಕಟ್ಟಬಹುದು.

ಭಾಷೆಯ ಪ್ರಶ್ನೆಯೂ ಇದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಊರುಗಳಲ್ಲಿ ಮನೆಮಾತು ತಮಿಳು, ಕಾಡಿನ ಹಾಡಿಗಳಲ್ಲಿ ಸೋಲಿಗರ ನುಡಿ. ಬೆಂಗಳೂರಿನ ಗ್ರಂಥಸ್ಥ ಕನ್ನಡದಲ್ಲಿ ಅಚ್ಚಾದ ಪ್ರಶ್ನಾವಳಿಗೆ ಇಲ್ಲಿನ ಅಜ್ಜಿ ಹೂಂ ಎನ್ನುತ್ತಾಳೆ, ಅಷ್ಟೇ. ಹೆಣ್ಣುಮಕ್ಕಳು ಅತ್ತೆಯ ಎದುರು ಗಂಡನ ಹೊಡೆತದ ವಿಷಯ ಹೇಳುವುದಿಲ್ಲ. ಹೊಲದ ಬದುವಿನಲ್ಲೋ ನೀರಿನ ತೊಂಬೆಯ ಬಳಿಯೋ ದಾದಿ ಒಬ್ಬಳೇ ಸಿಕ್ಕಾಗ ಹೇಳುತ್ತಾರೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿ ಅರ್ಧ ಗಂಟೆಯಲ್ಲಿ ಮುಗಿಸುವ ಸಂದರ್ಶನದಲ್ಲಿ ಈ ಮಾತು ಹೊರಗೆ ಬರುವುದೇ ಇಲ್ಲ.

ಕಾನೂನು, ಹಣ, ದಾಖಲೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಿದುಳಿನ ಪೆಟ್ಟಿಗೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ಕೈಕಾಲು ಸೋತಿದ್ದರೆ ಚಲನವೈಕಲ್ಯದ ಪ್ರಮಾಣಪತ್ರ ಸಿಗುತ್ತದೆ. ನೆನಪು, ಸಿಟ್ಟು, ವಿವೇಚನೆ ಹೋದವನಿಗೆ ದಾರಿ ಕಷ್ಟ, ಏಕೆಂದರೆ ನೋಡುವವರ ಕಣ್ಣಿಗೆ ಅವನು ಗಟ್ಟಿಮುಟ್ಟಾದ ಆಳು. ಪ್ರಜ್ಞೆಯಿಲ್ಲದೆ ಮಲಗಿರುವವನ ಬ್ಯಾಂಕ್ ಖಾತೆ, ಜಮೀನಿನ ವ್ಯವಹಾರ ನೋಡಿಕೊಳ್ಳಲು ಪಾಲಕರನ್ನು ನೇಮಿಸುವ ಬಗೆ ಹೇಗೆಂದು 2019ರಲ್ಲಿ ಕೇರಳ ಹೈಕೋರ್ಟ್ ಮಾರ್ಗಸೂಚಿ ಕೊಟ್ಟಿತು. ಮನೆಯವರು ರಿಟ್ ಅರ್ಜಿ ಹಾಕಿಯೇ ಅಂಥ ಆದೇಶ ಪಡೆಯಬೇಕಾದ ಸ್ಥಿತಿ ಇದೆ. ರಾಜ್ಯ ಸರ್ಕಾರ 2016ರಲ್ಲಿ ತಂದ ಹರೀಶ್ ಸಾಂತ್ವನ ಯೋಜನೆ ರಸ್ತೆ ಅಪಘಾತಕ್ಕೊಳಗಾದವರ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಗೊತ್ತುಪಡಿಸಿತು. ಮನೆಯವರ ನಿಜವಾದ ಖರ್ಚು ಶುರುವಾಗುವುದು ಆ 48 ಗಂಟೆ ಕಳೆದ ಮೇಲೆ.

ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ, ಅಪಘಾತದಲ್ಲಿ ಮಿದುಳಿಗೆ ತೀವ್ರ ಗಾಯವಾಗಿದ್ದ ಹನ್ನೆರಡರ ಬಾಲಕಿಯೊಬ್ಬಳ ಪರಿಹಾರ ಪ್ರಕರಣದಲ್ಲಿ, ಅವಳನ್ನು ನೋಡಿಕೊಳ್ಳಲು ಇಬ್ಬರು ಬೇಕು ಎಂದು ಒಪ್ಪಿ, ಬಾಳಿನುದ್ದಕ್ಕೂ ಆಗುವ ಆರೈಕೆಯ ವೆಚ್ಚವನ್ನು ಲೆಕ್ಕ ಹಾಕಿ ಪರಿಹಾರಕ್ಕೆ ಸೇರಿಸಿತು. ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವ ಮನೆಗಳಿಗೆ ಇದು ದೊಡ್ಡ ಬಲ. ಆದರೆ ಎಷ್ಟು ಆರೈಕೆ, ಎಷ್ಟು ಹೊತ್ತು, ಯಾರ ದುಡಿಮೆ ತಪ್ಪಿತು ಎಂಬುದಕ್ಕೆ ಪುರಾವೆ ಬೇಕು. ಆದ್ದರಿಂದ ಹೂಗ್ಯಂನಲ್ಲಾಗಲಿ ಇನ್ನೆಲ್ಲೇ ಆಗಲಿ, ತಲೆಗೆ ಪೆಟ್ಟು ಬಿದ್ದವರನ್ನು ಮನೆಗೆ ಕರೆತಂದವರು ಡಿಸ್ಚಾರ್ಜ್ ಚೀಟಿಯ ಜೊತೆಗೆ ಮಕ್ಕಳ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ದಿನ ಯಾರು ಕೂಲಿ ಬಿಟ್ಟು ಕೂತರು, ಫಿಟ್ಸ್ ಎಂದು ಬಂತು, ಯಾವ ಮಾತ್ರೆ, ಎಷ್ಟು ಖರ್ಚು, ಯಾವ ರಾತ್ರಿ ಗಲಾಟೆಯಾಯಿತು ಎಂದು ಎರಡು ಸಾಲು ಬರೆದಿಡಿ. ಬರೆಯಲು ಬಾರದಿದ್ದರೆ ಆಶಾ ಕಾರ್ಯಕರ್ತೆಯ ಕೈಲಿ ಬರೆಸಿ. ತಪಾಸಣೆಗೆ ಹೋದಾಗ ಅದನ್ನು ಸಿಸ್ಟರ್‌ಗೆ ತೋರಿಸಿ.